ಗೀರಿನ ಆಳ

ನಂಜನಗೂಡು ಮತ್ತು ಟಿ. ನರಸೀಪುರದ ಸೀಮೆಯಲ್ಲಿ, ಹೆಡತಲೆಯಂಥ ಊರುಗಳ ಸುತ್ತ ಓಡಾಡುವ ಯಾವುದೇ ಕಾರನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನಿಂತು ನೋಡಿದರೆ, ಆ ನೆಲದ ಬೇಸಾಯವೆಲ್ಲ ಅದರ ಮೈಮೇಲೆ ಗೀರುಗಳಾಗಿ ಬಿದ್ದಿರುವುದು ಕಾಣುತ್ತದೆ. ಎಡಬಾಗಿಲುಗಳ ಮೇಲೆ ಉದ್ದಕ್ಕೂ ಎಳೆದ ತೆಳು ಗೆರೆಗಳು, ಎದುರಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರ್ ಬಂದಾಗ ಬೇಲಿಗೆ ಒತ್ತಿಕೊಂಡು ದಾರಿ ಬಿಟ್ಟದ್ದರ ಗುರುತು. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುವ ಕಾಲದಲ್ಲಂತೂ ಇದು ದಿನನಿತ್ಯದ ಮಾತು. ಒಂದು ಕಡೆ ಲಂಟಾನ, ಜಾಲಿಮುಳ್ಳು. ಇನ್ನೊಂದು ಕಡೆ ಲೋಡಿನಿಂದ ಹೊರಚಾಚಿದ ಜಲ್ಲೆ, ಗರಗಸದ ಹಲ್ಲಿನಂಥ ಅಂಚುಳ್ಳ ಸೋಗೆ. ಬಾನೆಟ್ಟಿನ ಮುಂದಂಚಿನಲ್ಲಿ ಜಲ್ಲಿಕಲ್ಲು ಸಿಡಿದ ಚುಕ್ಕೆಗಳು. ಡಿಕ್ಕಿಯ ಹೊಸ್ತಿಲಲ್ಲಿ ಗೊಬ್ಬರದ ಮೂಟೆ ಎಳೆದ ಕೆರೆತ. ಹೆಡತಲೆಯ ಲಕ್ಷ್ಮೀಕಾಂತ ದೇವಸ್ಥಾನದ ಹೊಯ್ಸಳರ ಕೆತ್ತನೆ ನೋಡಲು ಬರುವ ಪೇಟೆಯವರ ಕಾರಿಗೂ, ನಂಜನಗೂಡಿನ ದೊಡ್ಡ ಜಾತ್ರೆಗೆ ಬಂದು ಒಂದರ ಪಕ್ಕ ಒಂದು ಒತ್ತಿ ನಿಲ್ಲಿಸಿದ ಕಾರಿಗೂ ಇದರಿಂದ ಬಿಡುಗಡೆಯಿಲ್ಲ. ಹೀಗೆ ಗೀರು ಬಿದ್ದಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಇದನ್ನು ನಾವೇ ಸರಿಮಾಡಬಹುದೋ, ಶೋರೂಮಿಗೆ ಒಯ್ಯಬೇಕೋ? ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಗೀರು ಎಷ್ಟು ಉದ್ದ ಎಂಬುದನ್ನು ಎಲ್ಲರೂ ನೋಡುತ್ತಾರೆ. ಎಷ್ಟು ಆಳ ಎಂಬುದನ್ನು ಯಾರೂ ನೋಡುವುದಿಲ್ಲ. ಮನೆಯಲ್ಲಿ ಏನು ಮಾಡಬೇಕು, ಏನನ್ನು ಮಾಡಲೇಬಾರದು ಎಂಬುದೆಲ್ಲ ಆ ಆಳದ ಮೇಲೆ ನಿಂತಿದೆ ಎಂಬುದೇ ನನ್ನ ವಾದ.

ಆಳ ಎಂದರೆ ಎಷ್ಟು? ಮನೆಯಲ್ಲಿ ಜೆರಾಕ್ಸ್ ಮಾಡಿಸಿ ತಂದ ಒಂದು ಹಾಳೆಯನ್ನು ಬೆರಳುಗಳ ನಡುವೆ ಹಿಡಿದು ನೋಡಿ. ಅದರ ದಪ್ಪ ಸುಮಾರು 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಕಾರ್ಖಾನೆಯಿಂದ ಬಂದ ಕಾರಿನ ಮೈಮೇಲಿನ ಬಣ್ಣವೆಲ್ಲ ಸೇರಿ ಹೆಚ್ಚುಕಮ್ಮಿ ಅಷ್ಟೇ, ಬಹಳವಾದರೆ ಅದರ ಒಂದೂವರೆ ಪಟ್ಟು. ಆ ಹಾಳೆಯಷ್ಟು ದಪ್ಪದೊಳಗೆ ನಾಲ್ಕು ಪದರಗಳಿವೆ. ತಗಡಿಗೆ ಅಂಟಿಕೊಂಡಿರುವುದು ಸುಮಾರು 20 ಮೈಕ್ರಾನಿನ ಮೊದಲ ಪ್ರೈಮರ್. ಕಾರಿನ ಇಡೀ ಒಡಲನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸಂದುಗೊಂದು ಬಿಡದಂತೆ ಹಿಡಿಸಿ, 160ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಬೇಯಿಸುವ ಪದರ ಇದು. ಅದರ ಮೇಲೆ ಉಬ್ಬುತಗ್ಗು ಮುಚ್ಚುವ ಎರಡನೆಯ ಪ್ರೈಮರ್, ಸುಮಾರು 30 ಮೈಕ್ರಾನ್. ಅದರ ಮೇಲೆ ಕಣ್ಣಿಗೆ ಕಾಣುವ ಬಣ್ಣ. ಅದು ಬರೀ 15 ಮೈಕ್ರಾನ್ ಆಸುಪಾಸು. ಕೆಂಪು ಕಾರು ಕೆಂಪಾಗಿ ಕಾಣುವುದು ತಲೆಗೂದಲಿನ ದಪ್ಪದ ಕಾಲುಭಾಗವೂ ಇಲ್ಲದ ಒಂದು ಪೊರೆಯಿಂದ. ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಗಾಜಿನಂಥ ಕ್ಲಿಯರ್ ಕೋಟ್, ಸುಮಾರು 40 ಮೈಕ್ರಾನ್. ಹೊಳಪು ಕೊಡುವುದು ಅದೇ. ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವ ರಾಸಾಯನಿಕ ಇರುವುದೂ ಮುಖ್ಯವಾಗಿ ಅದರಲ್ಲೇ. ನಾವು ಕಾರು ತೊಳೆಯುವಾಗ, ಒರೆಸುವಾಗ, ಉಜ್ಜುವಾಗ ಮುಟ್ಟುವುದು ಈ ಮೇಲಿನ ಪದರವನ್ನು ಮಾತ್ರ. ಅದೊಂದು ಠೇವಣಿ, ತೆಗೆದಷ್ಟೂ ಕರಗುತ್ತದೆಯೇ ಹೊರತು ಮತ್ತೆ ಬೆಳೆಯುವುದಿಲ್ಲ.

ಗೀರು ಕಂಡ ಕೂಡಲೇ ಉಜ್ಜಬೇಕೆನ್ನಿಸುವ ನಮ್ಮ ಅಭ್ಯಾಸಕ್ಕೆ ಒಂದು ಚರಿತ್ರೆಯಿದೆ. ಬಣ್ಣ ಮೈಸೂರು ಜಿಲ್ಲೆಗೆ ಹೊಸದಲ್ಲ. ಕಾಡಿನ ಅರಗನ್ನು ಬಳಸಿಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಮುಂದೆ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರು ಬದಲಿಸಿಕೊಂಡ ಆ ಕಾರ್ಖಾನೆಯೇ 1962ರ ಚುನಾವಣೆಯಿಂದ ಇಡೀ ದೇಶದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಒದಗಿಸುತ್ತಿರುವುದು. ನಂಜನಗೂಡು ತಾಲ್ಲೂಕಿನ ಇಮ್ಮಾವು ಬಳಿ 2018ರಲ್ಲಿ ಏಷ್ಯನ್ ಪೇಂಟ್ಸ್‌ನ ದೊಡ್ಡ ಕಾರ್ಖಾನೆ ಬಂತು; ಅಲ್ಲಿ ತಯಾರಾಗುವುದು ಗೋಡೆಯ ಬಣ್ಣ. ಕಾರಿನ ಬಣ್ಣದ ಕಥೆ ಬೇರೆ. ಮೊದಮೊದಲ ಕಾರುಗಳಿಗೆ ಸಾರೋಟಿಗೆ ಬಳಿಯುತ್ತಿದ್ದ ವಾರ್ನಿಷನ್ನೇ ಬಳಿಯುತ್ತಿದ್ದರು, ಅದು ಪೂರ್ತಿ ಒಣಗಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಡುಕೋ ಎಂಬ ಹೆಸರಿನಲ್ಲಿ ತಂದ ಲ್ಯಾಕರ್ ಗಂಟೆಗಳಲ್ಲಿ ಒಣಗಿತು. ನಮ್ಮ ಟಿಂಕರಿಂಗ್ ಶೆಡ್ಡುಗಳಲ್ಲಿ, ಮರಗೆಲಸದ ಅಂಗಡಿಗಳಲ್ಲಿ ಇವತ್ತಿಗೂ ಕೇಳಿಬರುವ ‘ಡುಕೋ ಪೇಂಟು’ ಎಂಬ ಮಾತು ಅಲ್ಲಿಂದ ಬಂದದ್ದು. ಆ ಕಾಲದ ಬಣ್ಣದಲ್ಲಿ ಮೇಲೊಂದು ಕ್ಲಿಯರ್ ಕೋಟ್ ಇರಲಿಲ್ಲ. ಬಣ್ಣವೇ ಮೇಲ್ಪದರ, ಬಣ್ಣವೇ ಹೊಳಪು. ಬಿಸಿಲಿಗೆ ಮೇಲ್ಮೈ ಸುಣ್ಣದಂತೆ ಮಂಕಾದಾಗ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದರೆ ಸತ್ತ ಪದರ ಹೋಗಿ ಒಳಗಿನ ಹೊಸ ಬಣ್ಣ ಮೇಲೆ ಬರುತ್ತಿತ್ತು. ಅಂಬಾಸಿಡರ್ ಕಾರುಗಳ ಕಾಲದಲ್ಲಿ ಕಲಿತ ಆ ಬುದ್ಧಿ ಆಗಿನ ಮಟ್ಟಿಗೆ ಸರಿಯಾಗಿಯೇ ಇತ್ತು. ಈಗಿನ ಕಾರಿನಲ್ಲಿ ಅದೇ ಉಜ್ಜುವಿಕೆ ಹೊಸ ಬಣ್ಣವನ್ನೇನೂ ಹೊರತರುವುದಿಲ್ಲ, ಬಣ್ಣವನ್ನು ಕಾಯುವ ಪದರವನ್ನೇ ಸವೆಸುತ್ತದೆ. ಬಣ್ಣದ ರಚನೆ ಬದಲಾಯಿತು, ಕೈಯ ಅಭ್ಯಾಸ ಮಾತ್ರ ಹಾಗೇ ಉಳಿಯಿತು.

ಹಾಗಾದರೆ ಆಳವನ್ನು ಮನೆಯಲ್ಲಿ ಅಳೆಯುವುದು ಹೇಗೆ? ಯಂತ್ರ ಬೇಕಿಲ್ಲ. ಗೀರು ಬಿಳಿಯಾಗಿ ಕಂಡಿತೆಂದ ಮಾತ್ರಕ್ಕೆ ಬಣ್ಣ ಹೋಗಿದೆಯೆಂದು ಅರ್ಥವಲ್ಲ. ಗಾಜಿನ ಮೇಲೆ ಕೆರೆದರೂ ಗೆರೆ ಬಿಳಿಯಾಗಿಯೇ ಕಾಣುತ್ತದೆ, ಗಾಜಿಗೇನು ಬಿಳಿ ಬಣ್ಣವಿದೆಯೆ? ಒಡೆದ ಅಂಚುಗಳು ಬೆಳಕನ್ನು ದಿಕ್ಕಾಪಾಲು ಚೆಲ್ಲುವುದರಿಂದ ಆಗುವ ಬಿಳುಪು ಅದು. ಗೀರಿನ ಮೇಲೆ ಒಂದು ಹನಿ ನೀರು ಬಿಡಿ. ನೀರು ಬಿರುಕನ್ನು ತುಂಬಿಕೊಂಡಾಗ ಬೆಳಕು ಚೆದುರುವುದು ತಗ್ಗುತ್ತದೆ. ನೀರಿರುವಷ್ಟು ಹೊತ್ತು ಗೆರೆ ಮಾಯವಾದರೆ ಅದು ಕ್ಲಿಯರ್ ಕೋಟಿನೊಳಗೇ ಇದೆ, ಬಣ್ಣಕ್ಕೆ ಏನೂ ಆಗಿಲ್ಲ. ನೀರು ಬಿಟ್ಟ ಮೇಲೂ ಗೆರೆ ಹಾಗೇ ನಿಂತರೆ ಅದು ಬಣ್ಣವನ್ನು ದಾಟಿದೆ. ಬಳಿಕ ಉಗುರಿನ ತುದಿಯನ್ನು ಗೀರಿಗೆ ಅಡ್ಡಲಾಗಿ, ಒತ್ತದೆ, ಮೆಲ್ಲಗೆ ಎಳೆಯಿರಿ. ಉಗುರು ಜಾರಿಹೋದರೆ ಗೀರು ಮೇಲ್ಮಟ್ಟದ್ದು. ತಟಕ್ಕನೆ ಸಿಕ್ಕಿ ನಿಂತರೆ ಕ್ಲಿಯರ್ ಕೋಟಿನ ಬಹುಭಾಗ ಕಡಿದಿದೆ. ಕೊನೆಯದಾಗಿ ಗೀರಿನ ತಳದ ಬಣ್ಣ ನೋಡಬೇಕು. ಕಾರಿನ ಬಣ್ಣವೇ ಇದೆಯೆ, ಬೂದಿ ಬಣ್ಣದ ಪ್ರೈಮರ್ ಇದೆಯೆ, ಬೆಳ್ಳಿಯಂತೆ ಮಿನುಗುವ ತಗಡೇ ಇದೆಯೆ, ಇಲ್ಲಾ ಆಗಲೇ ಕಂದು ತಿರುಗಿದೆಯೆ? ಹಗಲ ಬೆಳಕು, ಒಂದು ಲೋಟ ನೀರು, ಒಂದು ಉಗುರು ಸಾಕು. ಅರ್ಧ ತಾಸಿನಲ್ಲಿ ಇಡೀ ಕಾರಿನ ಗೀರುಗಳನ್ನೆಲ್ಲ ವಿಂಗಡಿಸಿಬಿಡಬಹುದು. ಹೀಗೆ ವಿಂಗಡಿಸಿದಾಗ ಮೂರು ಗುಂಪು ಸಿಗುತ್ತವೆ. ತೀರ ಹಗುರವಾದವು ಮತ್ತು ತೀರ ಆಳವಾದರೂ ಗಾತ್ರದಲ್ಲಿ ಚಿಕ್ಕವು, ಇವೆರಡೂ ಮನೆಯ ಕೆಲಸ. ನಡುವಿನವನ್ನು ಆದಷ್ಟೂ ಮುಟ್ಟದೆ ಬಿಡುವುದೇ ಲೇಸು. ಈ ಕೊನೆಯ ಮಾತು ಹಲವರಿಗೆ ಒಪ್ಪಿಗೆಯಾಗದು, ಅದಕ್ಕೆ ಆಮೇಲೆ ಬರುತ್ತೇನೆ.

ಹಗುರ ಗೀರುಗಳಲ್ಲಿ ಬಹುಪಾಲು ಬೇಲಿಯಿಂದ ಬಂದವಲ್ಲ, ನಮ್ಮ ಕೈಯಿಂದಲೇ ಬಂದವು. ಬೆಳಗ್ಗೆ ಎದ್ದು ಒಣಬಟ್ಟೆಯಿಂದ ಕಾರಿನ ದೂಳು ಒರೆಸುವುದು ನಮ್ಮಲ್ಲಿ ಶ್ರದ್ಧೆಯ ಲಕ್ಷಣ. ಆದರೆ ದೂಳಿನಲ್ಲಿ ಮರಳಿನ ಕಣವಿದೆ, ಎಂದರೆ ಸ್ಫಟಿಕ. ಗಡಸುತನದ ಮಾಪನದಲ್ಲಿ ಅದು 7ನೆಯ ಸ್ಥಾನದ್ದು, ಕಬ್ಬಿಣವನ್ನೂ ಗೀರಬಲ್ಲದು. ಕ್ಲಿಯರ್ ಕೋಟ್ ಎಂಬುದಾದರೋ ಒಂದು ಬಗೆಯ ಪ್ಲಾಸ್ಟಿಕ್. ಒಣಬಟ್ಟೆ ಹಿಡಿದು ಸುತ್ತಸುತ್ತ ಉಜ್ಜುವುದೆಂದರೆ ನಯವಾದ ಮರಳು ಕಾಗದ ಹಿಡಿದು ಉಜ್ಜಿದ ಹಾಗೆ. ಕಪ್ಪು ಕಾರಿನ ಬಾನೆಟ್ಟಿನಲ್ಲಿ ಸೂರ್ಯನ ಪ್ರತಿಬಿಂಬ ನೋಡಿ, ಅದರ ಸುತ್ತ ಜೇಡರಬಲೆಯಂಥ ಸಾವಿರ ಗೆರೆಗಳು ಹಬ್ಬಿರುತ್ತವೆ. ಆದ್ದರಿಂದ ಗೀರು ತೆಗೆಯುವ ಮೊದಲ ಕೆಲಸ ನೀರಿನದು. ಮೊದಲು ಮೇಲಿಂದ ಧಾರಾಳವಾಗಿ ನೀರು ಹೊಯ್ದು ದೂಳು ಇಳಿಸಬೇಕು. ಆಮೇಲೆ ಎರಡು ಬಕೆಟ್, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಬೋರ್‌ವೆಲ್ ನೀರಾದರೆ ಕಾರಿನ ಮೇಲೆ ಒಣಗಲು ಬಿಡದೆ ಮೈಕ್ರೋಫೈಬರ್ ಬಟ್ಟೆಯಿಂದ ಹೀರಿಸಬೇಕು, ಇಲ್ಲವಾದರೆ ಸುಣ್ಣದಂಶ ಉಂಗುರ ಉಂಗುರವಾಗಿ ಕೂರುತ್ತದೆ. ಇಷ್ಟಾದ ಮೇಲೆ ನೆರಳಿನಲ್ಲಿ, ತಗಡು ತಣ್ಣಗಿರುವಾಗ, ನಯವಾದ ಪಾಲಿಶ್ ಕಡಲೆಕಾಳಿನಷ್ಟು ತೆಗೆದುಕೊಂಡು, ಒಂದು ಗೇಣಿನೊಳಗಿನ ಜಾಗದಲ್ಲಿ ಮಾತ್ರ, ಹಗುರ ಕೈಯಲ್ಲಿ ಹಿಂದೆ ಮುಂದೆ ಆಡಿಸುವುದು. ಪಾಲಿಶ್ ಗೀರನ್ನು ತುಂಬುವುದಿಲ್ಲ, ಅದರ ಎರಡು ದಡಗಳ ಚೂಪನ್ನು ಇಳಿಸುತ್ತದೆ. ದಡ ಇಳಿಜಾರಾದರೆ ಬೆಳಕು ಚೆದುರುವುದಿಲ್ಲ, ಕಣ್ಣು ಗೀರನ್ನು ಮರೆಯುತ್ತದೆ. ಹಾಗಾಗಿ ಗೀರಿನ ತಳ ಮುಟ್ಟುವವರೆಗೆ ಉಜ್ಜುವ ಅಗತ್ಯವೇ ಇಲ್ಲ. ಗೆರೆ ಮಸುಕಾದ ಕೂಡಲೇ ಕೈ ಎತ್ತಬೇಕು. ಬಾಗಿಲಿನ ಏಣು, ಬಾನೆಟ್ಟಿನ ಮಡಿಕೆ, ಅಂಚುಗಳ ಹತ್ತಿರ ಇನ್ನೂ ಹುಷಾರು, ಏಕೆಂದರೆ ಅಲ್ಲಿ ಬಣ್ಣ ತೆಳ್ಳಗಿರುತ್ತದೆ.

ಇನ್ನು ಆಳವಾದ, ಆದರೆ ಅಕ್ಕಿಕಾಳಿನಷ್ಟೇ ಚಿಕ್ಕದಾದ ಗಾಯಗಳು. ಜಲ್ಲಿಕಲ್ಲು ಬಡಿದು ಬಣ್ಣದ ಚಕ್ಕೆ ಎದ್ದ ಚುಕ್ಕೆಗಳು ಈ ಗುಂಪಿನವು. ಅಂದವನ್ನು ಅಷ್ಟೇನೂ ಕೆಡಿಸದ ಕಾರಣ ಎಲ್ಲರೂ ಕಡೆಗಣಿಸುವುದು ಇವನ್ನೇ. ಕಾರಿನ ಆಯುಷ್ಯಕ್ಕೆ ಕುತ್ತು ತರುವುದೂ ಇವೇ. ತಗಡು ಬಯಲಾದ ಕಡೆ ಕಬ್ಬಿಣ, ನೀರು, ಗಾಳಿ ಮೂರೂ ಕೂಡುತ್ತವೆ. ಹುಟ್ಟುವ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆ ಜಾಗಕ್ಕಾಗಿ ಅದು ಪಕ್ಕದ ಒಳ್ಳೆಯ ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ, ಎತ್ತಿದ ಸಂದಿಗೆ ಮತ್ತೆ ನೀರು ಸೇರುತ್ತದೆ. ಮೇಲೆ ಸಾಸಿವೆಯಷ್ಟು ಕಾಣುವಾಗ ಒಳಗೆ ಕಾಸಿನಗಲ ಹರಡಿರುವುದು ಹೀಗೆ. ಕಾಸರಗೋಡು, ಮಂಗಳೂರಿನ ಕಡಲ ಗಾಳಿಯಲ್ಲಿ ಉಪ್ಪು ಇರುವುದರಿಂದ ಅಲ್ಲಿಯವರಿಗೆ ಇದರ ಭಯ ಚೆನ್ನಾಗಿ ಗೊತ್ತು. ಒಳನಾಡಿನ ಮೈಸೂರು ಜಿಲ್ಲೆಯಲ್ಲಿ ಆ ಭಯವಿಲ್ಲ ಎಂದು ನಾವು ನಿಶ್ಚಿಂತರಾಗಿರುತ್ತೇವೆ. ಆದರೆ ಕಾರಿನ ಡಿಕ್ಕಿಯಲ್ಲಿ ಹೇರಿ ತರುವ ಪೊಟ್ಯಾಷ್ ಗೊಬ್ಬರ ಏನು? ಅದರ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಒಡಹುಟ್ಟು. ತೇವ ಹೀರಿ ಕರಗುತ್ತದೆ, ಕ್ಲೋರೈಡ್ ತಗಡನ್ನು ಕೊರೆಯುತ್ತದೆ. ಮೂಟೆ ಎಳೆದು ಕೆರೆದ ಜಾಗದಲ್ಲೇ ಗೊಬ್ಬರದ ಪುಡಿಯೂ ಉದುರುವುದರಿಂದ ಗಾಯಕ್ಕೆ ಉಪ್ಪು ಸವರಿದಂತಾಗುತ್ತದೆ. ಕಬಿನಿ ನಾಲೆಯ ಬಯಲಿನ ಊರುಗಳಲ್ಲಿ ಕಾರೆಂಬುದು ಗಾಡಿಯೂ ಹೌದು, ಗೊಬ್ಬರ ತರಲು ಅದನ್ನು ಬಳಸಬೇಡಿರೆಂದು ಹೇಳುವುದು ಸರಿಯಲ್ಲ. ಮೂಟೆಯ ಕೆಳಗೊಂದು ಟಾರ್ಪಾಲು ಹಾಸಿ, ಇಳಿಸಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು.

ಚುಕ್ಕೆಗಾಯ ಮುಚ್ಚುವುದು ತಾಳ್ಮೆಯ ಕೆಲಸ, ಕಸರತ್ತೇನಲ್ಲ. ಬಾಗಿಲ ಚೌಕಟ್ಟಿನಲ್ಲೋ ಎಂಜಿನ್ ಕೋಣೆಯಲ್ಲೋ ಇರುವ ಫಲಕದಲ್ಲಿ ಬಣ್ಣದ ಸಂಕೇತ ನಮೂದಾಗಿರುತ್ತದೆ. ಆ ಸಂಕೇತ ಹೇಳಿಯೇ ಟಚ್‌ಅಪ್ ಬಣ್ಣ ಕೊಳ್ಳಬೇಕು, ಏಕೆಂದರೆ ಬಿಳಿಯಲ್ಲೇ ಹಲವು ಬಿಳಿಗಳಿವೆ. ಜಾಗವನ್ನು ಸೋಪು ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ಜಿಡ್ಡು ತೆಗೆಯಬೇಕು. ತುಕ್ಕು ಕಂಡರೆ ವಾಟರ್ ಪೇಪರ್ ಎಂಬ ನಯವಾದ ಮರಳು ಕಾಗದವನ್ನು ಚಿಕ್ಕದಾಗಿ ಮಡಿಚಿ, ಅದರ ಮೂಲೆಯಿಂದ ಚುಕ್ಕೆಯೊಳಗೆ ಮಾತ್ರ ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಬೇಕು. ತುಕ್ಕಿನ ಮೇಲೆ ಬಳಿದ ಬಣ್ಣ ತುಕ್ಕಿಗೆ ಹೊದಿಕೆಯಾಗುತ್ತದೆ ಅಷ್ಟೇ. ಟಚ್‌ಅಪ್ ಬಾಟಲಿಯ ಮುಚ್ಚಳಕ್ಕಿರುವ ಕುಂಚ ಈ ಕೆಲಸಕ್ಕೆ ತೀರ ದಪ್ಪ. ಉರಿದು ಮುಗಿದ ಊದುಬತ್ತಿಯ ಬಿದಿರುಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚೂಪು ಮಾಡಿಕೊಂಡರೆ ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಕಡ್ಡಿಯ ತುದಿಗೆ ನಿಂತ ಪ್ರೈಮರಿನ ಹನಿಯನ್ನು ಚುಕ್ಕೆಯ ನಡುವಿಗೆ ತಾಗಿಸಿದರೆ ಸಾಕು, ಅದು ತಾನಾಗಿ ದಡದವರೆಗೂ ಹರಡಿಕೊಳ್ಳುತ್ತದೆ. ಬಳಿಯಬಾರದು, ಬಿಡಬೇಕು. ಪ್ರೈಮರ್ ಒಣಗಿದ ಮೇಲೆ ಬಣ್ಣ. ಒಣಗುವಾಗ ಥಿನ್ನರ್ ಆರಿ ಹನಿ ಕುಗ್ಗುವುದರಿಂದ ಒಂದೇ ಸಲಕ್ಕೆ ಗುಳಿ ತುಂಬುವುದಿಲ್ಲ; ಅರ್ಧ ಗಂಟೆಗೂ ಹೆಚ್ಚು ಅಂತರ ಕೊಟ್ಟು ಎರಡು ಮೂರು ಸಲ ಬಿಡಬೇಕಾಗುತ್ತದೆ. ಕೊನೆಗೆ ಕ್ಲಿಯರ್ ಕೋಟಿನ ಒಂದು ಹನಿ. ಸೋನೆ ಮಳೆಯಿರುವ ದಿನ, ಇಬ್ಬನಿ ಆರದ ಬೆಳಗ್ಗೆ, ಗಾಳಿಗೆ ಹುಲ್ಲಿನ ದೂಳು ಏಳುವ ಕಣದ ಪಕ್ಕ ಈ ಕೆಲಸಕ್ಕೆ ಕೂರಬಾರದು. ಇಷ್ಟೆಲ್ಲ ಮಾಡಿದರೂ ಹತ್ತಿರದಿಂದ ನೋಡಿದವರಿಗೆ ಚುಕ್ಕೆ ಕಾಣುತ್ತದೆ. ಮೆಟಾಲಿಕ್ ಬಣ್ಣದಲ್ಲಂತೂ ಖಂಡಿತ ಕಾಣುತ್ತದೆ, ಏಕೆಂದರೆ ಅದರೊಳಗಿನ ಅಲ್ಯುಮಿನಿಯಂ ಚೂರುಗಳು ಸ್ಪ್ರೇಯಲ್ಲಿ ಮಲಗುವ ಹಾಗೆ ಕಡ್ಡಿಯ ಹನಿಯಲ್ಲಿ ಮಲಗುವುದಿಲ್ಲ. ಕಾಣಲಿ. ಈ ಕೆಲಸ ಮಾಡಿದ್ದು ನೀರು ಒಳಗೆ ಹೋಗದಿರಲೆಂದು.

ಈಗ ನಡುವಿನ ಗುಂಪಿಗೆ ಬರೋಣ. ಉಗುರು ಸಿಕ್ಕುವಷ್ಟು ಆಳ, ತಳದಲ್ಲಿ ಪ್ರೈಮರ್ ಕಾಣುತ್ತದೆ, ಆದರೆ ತಗಡು ಕಂಡಿಲ್ಲ. ಒಂದು ಗೇಣೋ ಒಂದು ಮೊಳವೋ ಉದ್ದ. ಮನಸ್ಸಿಗೆ ಅತಿ ಹೆಚ್ಚು ಚುಚ್ಚುವುದು ಇದೇ, ಅತಿ ಹೆಚ್ಚು ಹಾನಿ ಮಾಡಿಕೊಳ್ಳುವುದೂ ಇದರ ಮೇಲೆಯೇ. ಲೆಕ್ಕ ಹಾಕಿ ನೋಡಿ. ಗೀರು ಕ್ಲಿಯರ್ ಕೋಟನ್ನೂ ಬಣ್ಣವನ್ನೂ ದಾಟಿ 55 ಮೈಕ್ರಾನ್ ಇಳಿದಿದೆ ಎನ್ನೋಣ. ಉಜ್ಜಿ ಅದನ್ನು ಮಾಯ ಮಾಡಬೇಕಾದರೆ ಸುತ್ತಲಿನ ಮೇಲ್ಮೈಯನ್ನು ಅಷ್ಟೇ ಆಳಕ್ಕೆ ಇಳಿಸಬೇಕು. ಅಂದರೆ ಇರುವ ಕ್ಲಿಯರ್ ಕೋಟನ್ನೂ ಬಣ್ಣವನ್ನೂ ಪೂರ್ತಿ ತೆಗೆಯಬೇಕು. ಕ್ಲಿಯರ್ ಕೋಟಿನಲ್ಲಿ ಸುಮಾರು 10 ಮೈಕ್ರಾನಿಗಿಂತ ಹೆಚ್ಚು ಕಳೆಯಬಾರದೆಂಬುದು ಈ ಕಸುಬಿನ ಬಲ್ಲವರು ಪಾಲಿಸುವ ಮಿತಿ. 2000 ನಂಬರಿನ ವಾಟರ್ ಪೇಪರಿನ ಒಂದೊಂದು ಕಣವೇ ಹತ್ತಿರ ಹತ್ತಿರ 10 ಮೈಕ್ರಾನ್ ಗಾತ್ರದ್ದು. ಮಿತಿ ಮೀರಿದ್ದು ಅವತ್ತೇ ಗೊತ್ತಾಗುವುದಿಲ್ಲ, ಅವತ್ತು ಕಾರು ಫಳಫಳ ಹೊಳೆಯುತ್ತದೆ. ನಾಲ್ಕಾರು ಬೇಸಗೆ ಕಳೆದ ಮೇಲೆ ಆ ಜಾಗದ ಕ್ಲಿಯರ್ ಕೋಟ್ ಬಿಸಿಲಿಗೆ ಸೋತು ಹಾವಿನ ಪೊರೆಯಂತೆ ಸುಲಿಯತೊಡಗುತ್ತದೆ. ಅಲ್ಲಿಗೆ ಒಂದು ಗೆರೆಯ ಬದಲು ಒಂದು ಬಾಗಿಲೇ ಹೋಯಿತು. ಹಾಗಾದರೆ ಈ ಗೀರಿಗೆ ಏನು ಮಾಡಬೇಕು? ತೊಳೆದು, ದಡದ ಬಿಳುಪಷ್ಟೇ ಇಳಿಯುವಂತೆ ಹಗುರಾಗಿ ಪಾಲಿಶ್ ಮಾಡಿ, ಮೇಲೆ ವ್ಯಾಕ್ಸ್ ಹಚ್ಚಿ ಬಿಡುವುದು. ತೀರ ಕಣ್ಣಿಗೆ ಹೊಡೆಯುವಂತಿದ್ದರೆ ಕಡ್ಡಿಯಿಂದ ಬಣ್ಣ ಬಿಟ್ಟು ತುಂಬುವುದು. ಪ್ರೈಮರ್ ಗಟ್ಟಿಯಾಗಿರುವಷ್ಟು ಕಾಲ ತುಕ್ಕಿನ ಭಯವಿಲ್ಲ. ಇನ್ನು ಮುಂದಿನ ಹಿಂದಿನ ಬಂಪರುಗಳ ವಿಚಾರ ಇನ್ನೂ ಸುಲಭ. ಈಗಿನ ಬಂಪರ್ ಪ್ಲಾಸ್ಟಿಕ್ಕಿನದು, ತುಕ್ಕು ಎಂಬುದೇ ಅದಕ್ಕಿಲ್ಲ. ಪೇಟೆಯ ಇಕ್ಕಟ್ಟಿನಲ್ಲಿ ಆಗುವ ಗೀರುಗಳಲ್ಲಿ ಬಹಳಷ್ಟು ಬಂಪರಿನ ಮೇಲೆಯೇ ಆಗುವುದರಿಂದ, ಆ ಚಿಂತೆಯನ್ನು ಕಣ್ಣಿನ ಮಟ್ಟಿಗಷ್ಟೇ ಇಟ್ಟುಕೊಳ್ಳಬಹುದು.

ಇಷ್ಟು ಲೆಕ್ಕಾಚಾರ ಏಕೆ, ಇನ್ಶೂರೆನ್ಸ್ ಇದೆಯಲ್ಲ, ಶೋರೂಮಿಗೆ ಬಿಟ್ಟರೆ ಅವರೇ ಹೊಸದರಂತೆ ಮಾಡಿಕೊಡುತ್ತಾರೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಅದರಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಹಣದ್ದನ್ನು ಮೊದಲು ನೋಡೋಣ. ನಮ್ಮ ದೇಶದ ವಾಹನ ವಿಮೆಯಲ್ಲಿ ಕ್ಲೇಮ್ ಮಾಡದೆ ವರ್ಷ ಕಳೆದವರಿಗೆ ಸ್ವಂತ ಹಾನಿಯ ಕಂತಿನಲ್ಲಿ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಕೊನೆಗೆ 50ರಷ್ಟು ರಿಯಾಯಿತಿ ಸಿಗುತ್ತದೆ. ಶೇ 50 ತಲುಪಿದವರು ಒಂದು ಗೀರಿಗಾಗಿ ಕ್ಲೇಮ್ ಮಾಡಿದರೆ ರಿಯಾಯಿತಿ ಸೊನ್ನೆಗೆ ಇಳಿಯುತ್ತದೆ. ರಿಯಾಯಿತಿಗೆ ಮುಂಚಿನ ಕಂತು ವರ್ಷಕ್ಕೆ 8,000 ರೂಪಾಯಿ, ಅದು ಬದಲಾಗದೆ ಉಳಿಯುತ್ತದೆ ಎಂದು ಇಟ್ಟುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಪ್ರತಿವರ್ಷ 4,000 ಕಟ್ಟುತ್ತಿದ್ದವರು ಮುಂದಿನ ಐದು ವರ್ಷ ಕ್ರಮವಾಗಿ 8,000, 6,400, 6,000, 5,200, 4,400 ಕಟ್ಟಬೇಕು. ಹೆಚ್ಚಿಗೆ ಹೋದದ್ದು ಒಟ್ಟು 10,000 ರೂಪಾಯಿ. ಅದರ ಮೇಲೆ ಪ್ರತಿ ಕ್ಲೇಮಿಗೂ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ನಮ್ಮ ಕೈಯಿಂದಲೇ ಹೋಗುತ್ತದೆ. ರಿಯಾಯಿತಿಯನ್ನು ಕಾಯ್ದುಕೊಡುವ ಹೆಚ್ಚುವರಿ ಪಾಲಿಸಿಗಳಿವೆ ನಿಜ, ಆದರೆ ಅವಕ್ಕೂ ಬೆಲೆಯಿದೆ. ಅಪಘಾತದಲ್ಲಿ ಬಾಗಿಲು ಮುರಿದರೆ ಕ್ಲೇಮ್ ಮಾಡಲೇಬೇಕು, ವಿಮೆ ಇರುವುದೇ ಅದಕ್ಕೆ. ಗೀರಿಗೆ ಅದು ತಕ್ಕ ಮದ್ದಲ್ಲ.

ಎರಡನೆಯ ತಪ್ಪು ನಂಬಿಕೆ ‘ಹೊಸದರಂತೆ’ ಎಂಬುದು. ಸರ್ವೀಸ್ ಸೆಂಟರಿನಲ್ಲಿ ಕೆಲಸದ ಲೆಕ್ಕ ಪ್ಯಾನೆಲ್ಲಿನದು, ಗೀರಿನದಲ್ಲ. ಒಂದು ಗೇಣಿನ ಗೆರೆಗಾಗಿ ಇಡೀ ಬಾಗಿಲಿನ ಬಣ್ಣವನ್ನು ಉಜ್ಜಿ ಮತ್ತೆ ಸ್ಪ್ರೇ ಮಾಡುತ್ತಾರೆ. ಅವರು ಕುಶಲಿಗಳೇ, ಕೆಲಸವೂ ಚೆನ್ನಾಗಿಯೇ ಇರಬಹುದು. ಆದರೆ ಕಾರ್ಖಾನೆಯಲ್ಲಿ ಬರಿಯ ತಗಡನ್ನು 160 ಡಿಗ್ರಿಗೂ ಮೀರಿದ ಶಾಖದಲ್ಲಿ, ಮೇಲಿನ ಬಣ್ಣವನ್ನು 140 ಡಿಗ್ರಿ ಸುಮಾರಿನಲ್ಲಿ ಬೇಯಿಸಬಹುದು. ಸೀಟು, ತಂತಿ, ಟೈರು, ಪೆಟ್ರೋಲ್ ಟ್ಯಾಂಕ್ ಎಲ್ಲ ಕೂತಿರುವ ಕಾರನ್ನು ಆ ಶಾಖಕ್ಕೆ ಒಡ್ಡಲಾಗುವುದಿಲ್ಲ. ಸರ್ವೀಸ್ ಸೆಂಟರಿನ ಸ್ಪ್ರೇ ಬೂತಿನಲ್ಲಿ 60 ಡಿಗ್ರಿಯ ಆಸುಪಾಸಿನಲ್ಲಿ ಒಣಗುವ ಬೇರೆಯೇ ಬಗೆಯ ಬಣ್ಣ ಬಳಸಬೇಕಾಗುತ್ತದೆ. ಕಾರ್ಖಾನೆಯ ಬಣ್ಣ ಒಂದೇ ಸಲ ಸಿಗುವಂಥದ್ದು, ಅದನ್ನು ಕಳೆದುಕೊಂಡರೆ ಸಿಗುವುದು ಬದಲಿಯೇ. ಹಳೆಯ ಕಾರು ಕೊಳ್ಳುವವರು ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರ ಹಿಡಿದು ಬಾಗಿಲು ಬಾಗಿಲಿಗೂ ತಾಗಿಸಿ ನೋಡುವ ಕಾಲವಿದು. ಒಂದು ಬಾಗಿಲಿನಲ್ಲಿ ಅಂಕಿ ಏರಿದರೆ, ಇಲ್ಲೇನೋ ಅಪಘಾತವಾಗಿದೆ ಎಂಬ ಅನುಮಾನಕ್ಕೆ ಬೆಲೆ ಇಳಿಯುತ್ತದೆ. ಕಣ್ಣಿಗೆ ಕಾಣುವ ಪ್ರಾಮಾಣಿಕ ಗೀರು ಅಂಥ ಅನುಮಾನ ಹುಟ್ಟಿಸುವುದಿಲ್ಲ.

ಮನೆಯಲ್ಲೇ ಮಾಡಿ ಎಂದು ಹೇಳಿದ ಮೇಲೆ ಮೊಬೈಲಿನಲ್ಲಿ ಹರಿದಾಡುವ ಮನೆಮದ್ದುಗಳ ಬಗ್ಗೆಯೂ ಹೇಳಬೇಕಾಗುತ್ತದೆ. ಟೂತ್‌ಪೇಸ್ಟಿನಲ್ಲಿ ಸುಣ್ಣದಕಲ್ಲಿನ ಪುಡಿಯೋ ಸಿಲಿಕಾವೋ ಇರುವುದರಿಂದ ಅದು ಅಷ್ಟಿಷ್ಟು ಉಜ್ಜುತ್ತದೆ, ಸುಳ್ಳಲ್ಲ. ಆದರೆ ಅದರ ಕಣ ಹಲ್ಲಿಗೆ ಹದ ಮಾಡಿದ್ದು, ಕ್ಲಿಯರ್ ಕೋಟಿಗಲ್ಲ. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಸವರಿದರೆ ಗೀರು ಮಾಯವಾಗುವುದು ನೀರಿನ ಹನಿಯ ಪರೀಕ್ಷೆಯಲ್ಲಿ ನಡೆದದ್ದೇ. ಎಣ್ಣೆ ಬಿರುಕು ತುಂಬುತ್ತದೆ, ತೊಳೆದಾಗ ಹೋಗುತ್ತದೆ. ನಡುವೆ ದೂಳನ್ನೂ ಹಿಡಿದಿಟ್ಟುಕೊಂಡು ಮುಂದಿನ ಒರೆಸುವಿಕೆಗೆ ಹೊಸ ಗೀರು ಸಿದ್ಧಮಾಡಿಡುತ್ತದೆ. ಇವುಗಳಿಂದ ಆಗುವುದು ಚಿಲ್ಲರೆ ನಷ್ಟ. ನಿಜವಾದ ಅಪಾಯ ಎರಡು. ಒಂದು, ಬಾಡಿಗೆಗೋ ಅಗ್ಗಕ್ಕೋ ಸಿಗುವ, ವೇಗವಾಗಿ ಸುತ್ತುವ ಪಾಲಿಶ್ ಯಂತ್ರ. ಕೈಯಲ್ಲಿ ಗಂಟೆ ಹಿಡಿಯುವ ಸವೆತವನ್ನು ಅದು ಕೆಲವೇ ಕ್ಷಣದಲ್ಲಿ ಮಾಡಿ, ಏಣಿನ ಮೇಲೆ ಬಣ್ಣವನ್ನೇ ಸುಟ್ಟುಬಿಡಬಲ್ಲದು. ಇನ್ನೊಂದು, ಗಟ್ಟಿಕಾರಕ ಬೆರೆಸಿ ಸ್ಪ್ರೇ ಮಾಡುವ ಎರಡು ಭಾಗದ ಕ್ಲಿಯರ್ ಕೋಟ್. ಆ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿರುತ್ತದೆ, ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಬರಿಸಬಲ್ಲದು. ಒಮ್ಮೆ ಒಗ್ಗದಂತಾದ ಮೈಗೆ ಆಮೇಲೆ ಅತಿ ಸ್ವಲ್ಪವೂ ಸಾಕು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಅದು ತಡೆಯದು. ಮಕ್ಕಳು, ವಯಸ್ಸಾದವರು ಇರುವ ಮನೆಯ ಜಗಲಿಯಲ್ಲಿ, ಕೊಟ್ಟಿಗೆಯ ಪಕ್ಕ ಅದನ್ನು ಸಿಂಪಡಿಸಲೇಬಾರದು. ಮನೆಯ ಕೆಲಸ ಕಡ್ಡಿಯ ತುದಿಯ ಹನಿಗೆ ನಿಲ್ಲಬೇಕು.

ಹಾಗೆ ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ನಂಜನಗೂಡು, ನರಸೀಪುರದ ಟಿಂಕರಿಂಗ್ ಶೆಡ್ಡಿನವರ ಹೊಟ್ಟೆಪಾಡೇನು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ ಅದು. ಆದರೆ ಅವರ ನಿಜವಾದ ವಿದ್ಯೆ ಇರುವುದು ನೆಗ್ಗಿದ ತಗಡನ್ನು ಬಡಿದು ಮೂಲದ ಆಕಾರಕ್ಕೆ ತರುವುದರಲ್ಲಿ, ತುಕ್ಕು ತಿಂದ ಭಾಗ ಕತ್ತರಿಸಿ ಹೊಸ ತಗಡು ಬೆಸೆಯುವುದರಲ್ಲಿ, ಎರಡು ಬಾಗಿಲುಗಳ ನಡುವೆ ಬಣ್ಣದ ಛಾಯೆ ಕೂಡಿಸುವುದರಲ್ಲಿ. ಕಣ್ಣು, ಕಿವಿ, ಅಂಗೈ ಮೂರೂ ಕೂಡಿ ಮಾಡುವ ಆ ಕೆಲಸ ಮನೆಯಲ್ಲಿ ಯಾರಿಂದಲೂ ಆಗದು. ಅದಕ್ಕೆ ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಬೇಕು. ಅವರಲ್ಲಿ ಎಷ್ಟೋ ಮಂದಿ ಮೇಲೆ ಹೇಳಿದ ಅದೇ ಗಟ್ಟಿಕಾರಕದ ಮಂಜನ್ನು ಬರೀ ಬಟ್ಟೆ ಕಟ್ಟಿಕೊಂಡು ಉಸಿರಾಡುತ್ತಾರೆ. ಒಂದು ಗೆರೆಗಾಗಿ ಇಡೀ ಬಾಗಿಲಿಗೆ ಸ್ಪ್ರೇ ಹೊಡೆಸುವುದೆಂದರೆ ನಮ್ಮ ಕಾರಿನ ಅಂದಕ್ಕೆ ಅವರ ಶ್ವಾಸಕೋಶದಿಂದಲೂ ಒಂದಿಷ್ಟು ಕೊಡಿಸಿದಂತೆ. ಕಾರು ಸರಿಮಾಡಿಸುವ ಮಾತಿನಲ್ಲಿ ಈ ವಿಚಾರ ಬಾರದೇ ಹೋಗುವುದು ನನಗೆ ಸರಿಕಾಣುವುದಿಲ್ಲ.

ಮುಂಗಾರು ಹಿಡಿಯುವ ಮುನ್ನ ಒಂದು ಭಾನುವಾರ ಬೆಳಗ್ಗೆ ಕಾರನ್ನು ತೊಳೆದು ನೆರಳಿಗೆ ನಿಲ್ಲಿಸಿ. ಬಾನೆಟ್ಟಿನ ಮುಂದಂಚು, ಚಕ್ರದ ಮೇಲಿನ ಕಮಾನು, ಬಾಗಿಲುಗಳ ಕೆಳತುದಿ, ಡಿಕ್ಕಿಯ ಹೊಸ್ತಿಲು, ಈ ನಾಲ್ಕು ಕಡೆ ಮೊಣಕಾಲೂರಿ ಕೂತು ನೋಡಿ. ಉದ್ದದ ಗೆರೆಗಳನ್ನು ಸದ್ಯಕ್ಕೆ ಮರೆತುಬಿಡಿ. ಎಲ್ಲಿ ಕಬ್ಬಿಣ ಕಾಣುತ್ತದೋ ಅಲ್ಲಿಗೆ, ಮೊದಲ ಮಳೆ ಬೀಳುವುದರೊಳಗೆ, ಪ್ರೈಮರಿನ ಒಂದು ಹನಿ ಬೀಳಲಿ.